ರೂಪಳ ರೈಲಿಗೆ ಅಕ್ಕನ ನಿಂಬೆಹಣ್ಣು

ನಮ್ಮ ಜಯಕ್ಕ ಜರ್ಮನಿಗೆ ಹೋಗಿ ಅಲ್ಲಿನ ರೈಲು ನಿಲ್ಲಿಸಿ ಬಂದಳು ಅಂತ ಅರಕಲಗೂಡಿನಲ್ಲಿ ಸುದ್ದಿ ಹಬ್ಬಿದೆ. ಹೊಳೆನರಸೀಪುರದಲ್ಲಿ ನಾನು ಪಾಠ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿಗೂ ಅದು ಬಂದು ಮುಟ್ಟಿದೆ. ಜೊತೆಗೆ ಹೋಗಿದ್ದವಳು ನಾನೇ ಆದ್ದರಿಂದ ಇದರಲ್ಲಿ ಎಷ್ಟು ನಿಜ ಎಂದು ಹೇಳುವ ಹೊಣೆಯೂ ನನ್ನ ತಲೆಗೇ ಬಂದಿದೆ. ಮೊದಲನೆಯದಾಗಿ ಅದು ರೈಲಲ್ಲ, ರೋಲರ್ ಕೋಸ್ಟರ್. ನಿಂತದ್ದೇನೋ ನಿಜ. ಯಾರಿಂದ ನಿಂತಿತು ಎಂಬುದನ್ನು ಮಾತ್ರ ಸಾವಧಾನವಾಗಿ ಹೇಳಬೇಕು. ಆ ಒಂದು ದಿನ ನಾವು ಅಕ್ಕತಂಗಿಯರು ಪಟ್ಟ ಪಾಡನ್ನು ಯಾರೂ ಅಷ್ಟು ಸಲೀಸಾಗಿ ಕೇಳಿ ಮುಗಿಸಬಾರದು.

ಚನ್ನರಾಯಪಟ್ಟಣ

ಭಾವ ನಮ್ಮನ್ನು ಚನ್ನರಾಯಪಟ್ಟಣದವರೆಗೆ ತಂದು ಬೆಂಗಳೂರಿನ ಬಸ್ಸು ಹತ್ತಿಸಿದರು. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಕೆಳಗೆ ಬಂದು ನಿಂತು, ದಾರಿಯುದ್ದಕ್ಕೂ ಆಡದೆ ಇಟ್ಟುಕೊಂಡಿದ್ದ ಮಾತನ್ನು ಆಡಿದರು.

"ಅಲ್ಲಿ ಉಡ್ಗಿಗೆ ಜನ ಅಂತ ಯಾರವ್ರೆ, ಸರ್ಯಾಗಿ ನೋಡ್ಕಂಡ್ ಬಾ. ಯಾರೂ ಇಲ್ಲ ಅಂತ ಕಂಡ್ರೆ ಮುಲಾಜಿಲ್ದೆ ಕರ್ಕಂಡ್ ಬಂದ್ಬುಡು. ಆಸನದಲ್ಲೇನ್ ಆಸ್ಪತ್ರೆ ಇಲ್ವಾ?"

ಹುಡುಗಿ ಎಂದರೆ ರೂಪ, ಅಕ್ಕನ ಒಬ್ಬಳೇ ಮಗಳು. ಹಾಸನದಲ್ಲಿ ನರ್ಸಿಂಗ್ ಓದಿ, ಅಲ್ಲೇ ಸ್ವಲ್ಪ ಕಾಲ ಕೆಲಸ ಮಾಡಿ, ಜರ್ಮನ್ ಭಾಷೆ ಕಲಿತು, ಆ ದೇಶದ ಒಂದು ಸಣ್ಣ ಊರಿನ ಆಸ್ಪತ್ರೆಗೆ ಹೋಗಿ ಸೇರಿದ್ದಳು. ಮೊದಲ ವರ್ಷವೆಲ್ಲ ಫೋನಿನಲ್ಲಿ ಡ್ಯೂಟಿ, ರೂಮು, ಮತ್ತೆ ಡ್ಯೂಟಿ. ಒಬ್ಬ ಮನುಷ್ಯರ ಹೆಸರೂ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಇನ್ನೊಂದು ಶುರುವಾಯಿತು. ಊರಿನ ಪಾರ್ಕಿನಲ್ಲಿ ಹೊಸ ರೋಲರ್ ಕೋಸ್ಟರ್ ಕಟ್ಟುತ್ತಿದ್ದಾರೆ, ಇವತ್ತು ನೀಲಿ ಕಂಬ ಬಂತು, ಇವತ್ತು ತಿರುವಿನ ಹಳಿ ಬಂತು ಎಂದು ಹೇಳಿದ್ದೇ ಹೇಳಿದ್ದು. ಅವಳ ಅಪ್ಪನಿಗೆ, ಅಂದರೆ ಭಾವನಿಗೆ, ಇದು ಸರಿಕಾಣಲಿಲ್ಲ. ಒಂಟಿಯಾಗಿದ್ದು ಇದ್ದು ಮಗಳು ತಲೆ ಕೆಡಿಸಿಕೊಂಡು ಕಂಬ ಎಣಿಸುತ್ತಾ ಕೂತಿದ್ದಾಳೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಬೇಸಿಗೆ ರಜೆಯಲ್ಲಿ ಅಕ್ಕನ ಜೊತೆ ಹೊರಟದ್ದು ಅದಕ್ಕೇ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅಕ್ಕನ ಚೀಲ ಬಿಚ್ಚಿಸಿ ರಾಗಿಹಿಟ್ಟಿನ ಪೊಟ್ಟಣ ಎತ್ತಿ ಹಿಡಿದ. ಇದು ಏನು ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ಸಮಾಜ ವಿಜ್ಞಾನದ ಮೇಷ್ಟ್ರಮ್ಮನಾದ ನಾನು ರಾಗಿಯ ಇಂಗ್ಲಿಷ್ ಹೆಸರನ್ನು ನೆನಪಿಸಿಕೊಳ್ಳುತ್ತಾ ನಿಂತೆ. ಅಕ್ಕ ಕಾಯಲಿಲ್ಲ. ಎರಡು ಕೈಯನ್ನೂ ಮುಂದೆ ಚಾಚಿ, ಕೋಲು ಹಿಡಿದು ತಿರುವಿದಂತೆ ಮಾಡಿ, ಮುದ್ದೆ ಕಟ್ಟಿ, ಮುರಿದು, ಸಾರಿನಲ್ಲಿ ಅದ್ದಿ, ಗುಳುಕ್ಕನೆ ನುಂಗಿ ತೋರಿಸಿದಳು. ಅವನು ಪೊಟ್ಟಣವನ್ನು ಮೆಲ್ಲಗೆ ವಾಪಸು ಇಟ್ಟು, ಹೋಗಿ ಎಂದು ಕೈ ತೋರಿಸಿದ.

ಹೊರಗೆ ರೂಪ ಕಾಯುತ್ತಿದ್ದಳು. ಅಕ್ಕ ಅವಳ ಮುಖ ಸವರಿ, ತೋಳು ಹಿಡಿದು ನೋಡಿ, ಇಳಿದಿದ್ದೀಯ ಅಂದಳು. ಇಳಿದಿರಲಿಲ್ಲ, ಸ್ವಲ್ಪ ತುಂಬಿಕೊಂಡೇ ಇದ್ದಳು.

ರೂಪಳ ಊರು

ಆ ಊರಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ರಸ್ತೆ ದಾಟುವ ರೀತಿ. ಎರಡೂ ಕಡೆ ಒಂದು ನರಪಿಳ್ಳೆ ಇರುವುದಿಲ್ಲ, ಗಾಡಿಯ ಸದ್ದೂ ಇರುವುದಿಲ್ಲ, ಆದರೂ ಕೆಂಪು ದೀಪ ಇದ್ದರೆ ಜನ ನಿಂತೇ ಇರುತ್ತಾರೆ. ಅಕ್ಕ ಆ ಕಡೆ ಈ ಕಡೆ ನೋಡಿ, "ಯಾವ್ ಗಾಡಿಗ್ ಕಾಯ್ತಾವ್ರೆ ಇವ್ರು?" ಅಂದಳು. ಹಾಸನದ ಬಸ್ ಸ್ಟ್ಯಾಂಡ್ ಮುಂದೆ ಆಟೋಗಳ ಮಧ್ಯೆ ಬೆರಳು ತೋರಿಸಿಕೊಂಡೇ ದಾಟಿಬಿಡುವವಳು ಅವಳು. ನಿಯಮ ಎಂದರೆ ಇವರಿಗೆ ಹೀಗೆ ಎಂದು ರೂಪ ಹೇಳಿದಳು. ಆ ಮಾತನ್ನು ಅಕ್ಕ ಆವತ್ತೇ ಕಿವಿಗೆ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರುದಿನ ರೂಪ ನಮ್ಮನ್ನು ಪಾರ್ಕಿನ ಬೇಲಿಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಹತ್ತು ಹನ್ನೆರಡು ಜನ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಚಹ ಇಟ್ಟುಕೊಂಡು, ಆಕಾಶ ನೋಡುತ್ತಾ ಕೂತಿದ್ದರು. ಮೇಲೆ ಸೊಟ್ಟ ಸೊಟ್ಟ ಸುತ್ತಿಕೊಂಡ ಹಸಿರು ಹಳಿ. ಇವರೇ ರೂಪಳ ಕ್ಲಬ್ಬು. ಊರೂರಿನ ರೋಲರ್ ಕೋಸ್ಟರ್‌ಗಳನ್ನು ಹತ್ತಿ ಇಳಿದು ಬಂದವರು, ಈಗ ತಮ್ಮ ಊರಿಗೇ ಒಂದು ಬರುತ್ತದೆ ಎಂದು ಮಳೆ ಹಿಮ ಎನ್ನದೆ ಈ ಬೇಲಿಗೆ ಬಂದು ಒಂದೊಂದು ಕಂಬ ಏಳುವುದನ್ನೂ ನೋಡಿದವರು. ಮೊದಲ ಸಾಲಿನಲ್ಲಿ ಕೂರಬೇಕೋ ಕೊನೆಯ ಸಾಲಿನಲ್ಲೋ ಎಂಬ ಬಗ್ಗೆ ಅವರಲ್ಲಿ ಎರಡು ಪಕ್ಷ. ನಮ್ಮ ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಜೋಡಿ ಗುಡಿಗಳಲ್ಲಿ ಯಾವುದು ಚೆಂದ ಎಂದು ಜಗಳ ಕಾಯುವವರನ್ನು ನೋಡಿದ ನನಗೆ ಇದೇನೂ ಹೊಸದೆನ್ನಿಸಲಿಲ್ಲ. ಹೊಳೆನರಸೀಪುರದಲ್ಲಿ ಜೆಸಿಬಿ ಮಣ್ಣು ಅಗೆಯುತ್ತಿದ್ದರೆ ಕೆಲಸ ಬಿಟ್ಟು ನಿಂತು ನೋಡುವ ನಮ್ಮ ಜನಕ್ಕೆ ಕುರ್ಚಿ ತರುವ ಬುದ್ಧಿ ಇಲ್ಲ, ಅಷ್ಟೇ ವ್ಯತ್ಯಾಸ.

ಕ್ಲಬ್ಬಿನ ಯಜಮಾನ ಡೀಟರ್ ಎಂಬ ಹಿರಿಯ, ಬಸ್ಸು ಓಡಿಸಿ ನಿವೃತ್ತರಾದವರು, ನಗು ಕಡಿಮೆ. ಅವರ ಪಕ್ಕದಲ್ಲಿ ಹೈಕೆ ಎಂಬ ಹೆಂಗಸು ಉಣ್ಣೆಯ ಟೋಪಿ ಹೆಣೆಯುತ್ತಾ, ತಲೆ ಎತ್ತದೆಯೇ ಹಳಿಯ ಸದ್ದು ಕೇಳಿ ಬಂಡಿ ಎಲ್ಲಿದೆ ಎಂದು ಹೇಳುತ್ತಿದ್ದಳು. ರೂಪ ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಈ ದಾರಿಯಲ್ಲಿ ಬರುವಾಗ, ಇವರೆಲ್ಲ ಏನು ನೋಡುತ್ತಿದ್ದಾರೆ ಎಂದು ನಿಂತಳಂತೆ. ಹೈಕೆ ಮಾತಿಲ್ಲದೆ ಒಂದು ಲೋಟ ಚಹ ಬಗ್ಗಿಸಿ ಕೊಟ್ಟಳಂತೆ. ಸ್ನೇಹವಾದದ್ದು ಹಾಗೆ.

ಅಕ್ಕನಿಗೆ ಇದು ಲೆಕ್ಕಕ್ಕೆ ಬರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಹತ್ತಿರ ಪಿಸುಗುಟ್ಟಿದಳು. "ಬೇಲಿ ತಾವ ನಿಂತ್ಕಂಡೋರೆಲ್ಲ ಜನ ಆಯ್ತಾರೇನೆ ಪದ್ದಿ? ನಾಳಿಕ್ ಇವ್ಳು ಜರ ಬಂದ್ ಮಲಿಕಂಡ್ರೆ ಯಾರು ಬತ್ತಾರೆ, ಆ ಟೋಪಿ ಎಣಿಯೋಳಾ?"



ಹಳಿಯ ಕೆಳಗೆ

ಶನಿವಾರ ಉದ್ಘಾಟನೆ. ಮೊದಲ ಬಂಡಿಯಲ್ಲಿ ಕ್ಲಬ್ಬಿನವರಿಗೇ ಜಾಗ ಎಂದು ಪಾರ್ಕಿನವರು ಮಾತು ಕೊಟ್ಟಿದ್ದರು. ಅದಕ್ಕೆ ಎರಡು ದಿನ ಮೊದಲು ಅವರನ್ನು ಒಳಗೆ ಬಿಟ್ಟು ಹತ್ತಿರದಿಂದ ತೋರಿಸುವ ಏರ್ಪಾಡೂ ಆಗಿತ್ತು. ನಮ್ಮನ್ನೂ ಕರೆದರು. ಗೇಟಿನಲ್ಲಿ ಡೀಟರ್ ಎಲ್ಲರಿಗೂ ಹೇಳಿದ್ದನ್ನು ರೂಪ ನಮಗೆ ತಿಳಿಸಿದಳು. ಜೇಬಿನಿಂದ ಒಂದು ಪೆನ್ನೂ ಬೀಳಬಾರದು. ನಂಬಿಕೆಯ ಮೇಲೆ ಒಳಗೆ ಬಿಡುತ್ತಾರೆ, ಒಬ್ಬರು ತಪ್ಪಿದರೂ ಕ್ಲಬ್ಬಿಗೇ ಗೇಟು ಮುಚ್ಚುತ್ತದೆ.

ಒಳಗೆ ಬಂಡಿಯ ಸೀಟುಗಳಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಬೊಂಬೆಗಳನ್ನು ಕೂರಿಸಿದ್ದರು. ತಲೆಯಿಲ್ಲ, ಕೈಯಿಲ್ಲ, ಬರೀ ಮುಂಡ. ಮನುಷ್ಯರ ತೂಕಕ್ಕೆ ಇವನ್ನು ಇಟ್ಟು ಓಡಿಸಿ ನೋಡುತ್ತಾರೆ. ಅಕ್ಕ ಅವನ್ನು ಹೊಲದ ಬೆರ್ಚಪ್ಪನನ್ನು ನೋಡುವಂತೆ ನೋಡಿದಳು. ಆಮೇಲೆ ಅವಳ ಕಣ್ಣು ಮೇಲೆ ಹೋಯಿತು. ಹಳಿಯ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಒಂದು ಒಣಗಿದ ಮರದ ಕೊಂಬೆ ಕಟ್ಟಿತ್ತು, ಬಣ್ಣದ ಪಟ್ಟಿಗಳು ಗಾಳಿಗೆ ಹಾರುತ್ತಿದ್ದವು.

"ಅದ್ಯಾಕ್ ಕಟ್ಟವ್ರೆ?"

"ಇಲ್ಲಿ ಯಾವ್ ಕಟ್ಟಡ ಆದ್ರೂ ತುದಿ ಮುಟ್ದಾಗ ಅಂಗ್ ಕಟ್ತಾರೆ ಕಣವ್ವ, ಒಳ್ಳೇದಾಗ್ಲಿ ಅಂತ," ಅಂದಳು ರೂಪ.

ಅಕ್ಕನ ಮುಖ ಅರಳಿತು. "ಅಂಗಾರೆ ಇವ್ರಿಗೂ ಗೊತ್ತೈತೆ ಅನ್ನು. ಚಕ್ರಕ್ಕೇನ್ ಮಡಗ್ತಾರೆ?"

ಚಕ್ರಕ್ಕೆ ಏನೂ ಇಡುವುದಿಲ್ಲ ಎಂದು ರೂಪ ನಕ್ಕು ಮುಂದೆ ಹೋದಳು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ನಮ್ಮ ಕಡೆ ಹೊಸ ಗಾಡಿ ಮನೆಯಿಂದ ಹೊರಡಬೇಕಾದರೆ ಚಕ್ರದ ಅಡಿ ನಿಂಬೆಹಣ್ಣು ಸಿಡಿಯಲೇಬೇಕು. ಟ್ರ್ಯಾಕ್ಟರ್ ಆಗಲಿ, ಸ್ಕೂಟಿಯಾಗಲಿ, ಪಕ್ಕದ ಮನೆಯ ಮಗುವಿನ ಮೂರು ಗಾಲಿಯ ಸೈಕಲ್ಲಾಗಲಿ, ಅಕ್ಕ ಬಿಟ್ಟವಳಲ್ಲ. ಅಂಥದ್ದರಲ್ಲಿ ಮಗಳು ತಲೆಕೆಳಗಾಗಿ ಹೋಗುವ ಗಾಡಿ ಇದು.

ಎಲ್ಲರೂ ಕತ್ತೆತ್ತಿ ಮೇಲಿನ ತಿರುವು ನೋಡುತ್ತಿದ್ದಾಗ ಅವಳು ಸ್ವಲ್ಪ ಹಿಂದೆ ಉಳಿದದ್ದು ನನಗೆ ಗೊತ್ತು. ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

ಬಂಡಿ ನಿಂತ ದಿನ

ಮರುದಿನ ಬೆಳಿಗ್ಗೆ ಮತ್ತೆ ಬೇಲಿಯ ಹತ್ತಿರ ಸೇರಿದೆವು. ಗಾಳಿ ಜೋರಾಗಿತ್ತು. ಬೊಂಬೆಗಳನ್ನು ಹೊತ್ತ ಬಂಡಿ ಕಟಕಟ ಎನ್ನುತ್ತಾ ಏರು ಹತ್ತಿತು. ತುದಿ ಮುಟ್ಟುವ ಮೊದಲೇ ನಿಂತುಬಿಟ್ಟಿತು.

ಹೈಕೆ ಹೆಣಿಗೆ ನಿಲ್ಲಿಸಿದಳು. ಡೀಟರ್ ಎದ್ದು ನಿಂತರು. ಮೇಲಿನ ಮೆಟ್ಟಿಲಲ್ಲಿ ಹಳದಿ ಕೋಟು ತೊಟ್ಟ ಇಬ್ಬರು ಹತ್ತುವುದು ಕಂಡಿತು. ಅಷ್ಟರಲ್ಲಿ ಯಾರದೋ ಫೋನಿಗೆ ಸುದ್ದಿ ಬಂತು. ಹಳಿಯ ಮೇಲೆ ಏನೋ ಸಿಕ್ಕಿದೆಯಂತೆ, ನಾಳೆ ಉದ್ಘಾಟನೆ ಆಗುವುದು ಅನುಮಾನವಂತೆ. ಹಿಮದಲ್ಲಿ ಕಾದವರ ಮುಖಗಳು ಆ ಹೊತ್ತಿನಲ್ಲಿ ನೋಡುವಂತಿರಲಿಲ್ಲ.

ಅಕ್ಕ ನನ್ನ ಕೈ ಹಿಡಿದಳು. "ಪದ್ದಿ, ನಾನೊಂದ್ ಕೆಲ್ಸ ಮಾಡ್ಬುಟ್ಟಿವ್ನಿ ಕಣೆ."

"ಏನ್ ಮಾಡಿದೆ?"

"ನಿಂಬೆಣ್ಣು. ಅಂಗ್ಡೀಲ್ ತಗಂಡಿದ್ನಲ್ಲ, ಅದ್ರಲ್ ಒಂದ್ನ. ಚಕ್ರದ್ ಮುಂದ್ಕೆ ಮಡುಗ್ದೆ."

ಹೇಳಿದರೆ ಕ್ಲಬ್ಬಿಗೆ ಗೇಟು ಮುಚ್ಚುತ್ತದೆ, ಆ ಕೋಪವೆಲ್ಲ ರೂಪಳ ಮೇಲೆ ಬೀಳುತ್ತದೆ. ಹೇಳದಿದ್ದರೆ ಹಳಿಯ ಮೇಲೆ ಏನಿತ್ತು, ಎಲ್ಲಿಂದ ಬಂತು ಎಂದು ಹುಡುಕುತ್ತಾ ಅವರು ಎಷ್ಟು ದಿನ ಬಂಡಿ ನಿಲ್ಲಿಸುತ್ತಾರೋ ಗೊತ್ತಿಲ್ಲ. ಸುಮ್ಮನಿದ್ದುಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಮಕ್ಕಳಿಗೆ ಸತ್ಯದ ಪಾಠ ಮಾಡುವ ಬಾಯಲ್ಲಿ ಬಂದ ಮಾತು ಇದು. ಅಕ್ಕ ಒಪ್ಪಲಿಲ್ಲ.

"ಅವ್ರ್ ಮಕ ನೋಡೆ. ಯೋಳ್ದೆ ಎಂಗಿರಾದು?"

ರೂಪಳನ್ನು ಪಕ್ಕಕ್ಕೆ ಕರೆದು ಹೇಳಿದೆವು. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಫುಟ್‌ಪಾತಿನ ಅಂಚಿನ ಮೇಲೆ ಕೂತುಬಿಟ್ಟಳು.

"ಇವ್ರನ್ ಬಿಟ್ರೆ ನಂಗಿಲ್ಲಿ ಯಾರೂ ಇಲ್ಲ ಕಣವ್ವ," ಅಂದಳು ನಿಧಾನವಾಗಿ. "ಓದ್ ವರ್ಸ ಜ್ವರ ಬಂದು ಮಲ್ಗಿದ್ದೆ. ನಿಮ್ಗೆ ಯೋಳಿರ್ಲಿಲ್ಲ. ಹೈಕೆ ದಿನಾ ಸೂಪ್ ತಂದ್ ಕೊಡೋಳು. ಡೀಟರ್ ತಮ್ ಕಾರಲ್ಲಿ ಡಾಕ್ಟ್ರ ತಾವ ಕರ್ಕಂಡೋಗಿ, ಬಾಗ್ಲಲ್ಲಿ ಕುಂತಿರೋರು."

ಅಕ್ಕ ಮಗಳನ್ನೇ ನೋಡುತ್ತಾ ನಿಂತಳು. ಯಾವ ಪ್ರಶ್ನೆ ಹೊತ್ತು ಅಷ್ಟು ದೂರ ಬಂದಿದ್ದಳೋ ಅದಕ್ಕೆ ಉತ್ತರ ಸಿಕ್ಕಿತ್ತು. ಸಿಕ್ಕಿದ ಗಳಿಗೆಯಲ್ಲೇ ಅದನ್ನು ತಾನೇ ಕಳೆದಿದ್ದಳು.

ರೂಪ ಎದ್ದು ಮುಖ ಒರೆಸಿಕೊಂಡು ನೇರ ಡೀಟರ್ ಹತ್ತಿರ ಹೋದಳು. ನಾವು ಹಿಂದೆ ಹೋದೆವು. ಅವಳು ಹೇಳಿದ್ದನ್ನೆಲ್ಲ ಅವರು ನಡುವೆ ಬಾಯಿ ಹಾಕದೆ ಕೇಳಿದರು. ಅಕ್ಕನನ್ನು ಒಮ್ಮೆ ನೋಡಿದರು. ಕುರ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು, ಬನ್ನಿ ಎಂಬಂತೆ ತಲೆಯಾಡಿಸಿ ಮುಂದೆ ನಡೆದರು. ಆ ಮುಖದಲ್ಲಿ ಏನಿದೆ ಎಂದು ನನಗೆ ಓದಲಾಗಲಿಲ್ಲ. ದಾರಿಯಲ್ಲಿ ಕೆಂಪು ದೀಪ ಬಂತು. ಖಾಲಿ ರಸ್ತೆ. ನಾಲ್ಕು ಜನವೂ ನಿಂತೆವು. ಆವತ್ತು ಅಕ್ಕ ಯಾವ ಗಾಡಿಗೆ ಕಾಯುತ್ತಿದ್ದೇವೆ ಎಂದು ಕೇಳಲಿಲ್ಲ.

ಪಾರ್ಕಿನ ಆಫೀಸು

ಆಫೀಸಿನಲ್ಲಿ ಒಬ್ಬ ಎಂಜಿನಿಯರ್ ಹೆಂಗಸು ಇದ್ದಳು, ನನ್ನ ವಯಸ್ಸಿನವಳು, ಮೊಣಕಾಲಿನವರೆಗೆ ಕೆಸರು. ಅವಳ ಮೇಜಿನ ಮೇಲೆ ಒಂದು ಟ್ರೇ. ಅದರಲ್ಲಿ ಒಂದು ಹರಿದ ಕೈಚೀಲ, ಒಂದು ಹಕ್ಕಿಯ ಗರಿ, ಮತ್ತು ಒಂದು ನಿಂಬೆಹಣ್ಣು. ಒಂದು ಗೀರೂ ಇಲ್ಲದೆ ಅಂಗಡಿಯಿಂದ ಬಂದ ಹಾಗೇ ಇತ್ತು.

ಅವಳು ಟ್ರೇ ಮುಂದೆ ತಳ್ಳಿ ಏನೋ ಕೇಳಿದಳು. ಇದು ಯಾರದು ಎಂದಿರಬೇಕು. ರೂಪ ಬಾಯಿ ತೆರೆಯುವ ಮೊದಲೇ ಡೀಟರ್ ಒಂದೇ ಮಾತು ಹೇಳಿದರು. ರೂಪ ತಟ್ಟನೆ ಅವರ ಕಡೆ ತಿರುಗಿದಳು.

"ಏನಂದ್ರು?" ಅಕ್ಕ ಕೇಳಿದಳು.

"ನಮ್ದು ಅಂದ್ರು."

"ನಮ್ದು ಅಂದ್ರೆ?"

"ಕ್ಲಬ್ಬಿಂದು. ನಮ್ದೇ ಅಂದ್ರು ಕಣವ್ವ."

ಹುಡುಗರು ಚೆಂಡು ಹೊಡೆದು ಪಕ್ಕದ ಮನೆಯ ಹೆಂಚು ಒಡೆದಾಗ, ಯಾವ ಹುಡುಗ ಎಂದು ಕೇಳುವ ಮೊದಲೇ ಹಿರಿಯರೊಬ್ಬರು ಎದ್ದು ನಮ್ಮ ಮನೆಯದು ಎನ್ನುತ್ತಾರಲ್ಲ, ಹಾಗೆ ಹೇಳಿದ್ದರು ಆ ಮನುಷ್ಯ. ಅಕ್ಕ ಕಣ್ಣಿಗೆ ಸೆರಗು ಒತ್ತಿಕೊಂಡಳು. ನಾನು ಗೋಡೆಯ ಮೇಲಿದ್ದ ನಕ್ಷೆ ನೋಡುವವಳಂತೆ ಆ ಕಡೆ ತಿರುಗಿದೆ.

ಎಂಜಿನಿಯರ್ ಹೇಳಿದ್ದಿಷ್ಟು. ದಿನಾ ಬೆಳಿಗ್ಗೆ ಬಂಡಿ ಬಿಡುವ ಮೊದಲು ಹಳಿಯನ್ನು ನಡೆದು ನೋಡುತ್ತಾರೆ. ನಿಂಬೆಹಣ್ಣು ಆಗಲೇ ಸಿಕ್ಕಿತ್ತು, ಬಂಡಿ ಅದನ್ನು ಮುಟ್ಟಿಯೂ ಇರಲಿಲ್ಲ. ಏರಿನಲ್ಲಿ ನಿಂತದ್ದು ಗಾಳಿಯಿಂದ. ಗಾಳಿ ಒಂದು ಮಿತಿ ಮೀರಿದರೆ ಬಂಡಿ ತಾನೇ ನಿಲ್ಲುವ ಹಾಗೆ ಮಾಡಿದ್ದಾರೆ. ನಿಲ್ಲಬೇಕಾದಾಗ ಸರಿಯಾಗಿ ನಿಂತಿತು, ಅದಕ್ಕೆ ತನಗೆ ಖುಷಿಯೇ ಆಗಿದೆ. ನಾಳೆ ಗಾಳಿ ಇಳಿಯುತ್ತದೆ, ಉದ್ಘಾಟನೆ ಆಗುತ್ತದೆ.

ರೂಪ ಇದನ್ನು ಕನ್ನಡಕ್ಕೆ ತರುತ್ತಾ ತರುತ್ತಾ ನಗುವುದಕ್ಕೆ ಶುರುಮಾಡಿದಳು. ಅಕ್ಕ ಎದುರಿನ ಕುರ್ಚಿಯಲ್ಲಿ, ಯಾರೂ ಕೂರಿ ಎನ್ನದೆಯೇ, ಕೂತುಬಿಟ್ಟಳು.

ಆದರೆ ಎಂಜಿನಿಯರ್ ನಗಲಿಲ್ಲ. ಹಣ್ಣು ಸಿಗದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ಮೊದಲ ಬಂಡಿಯ ಮಾತು ಮಾತೇ, ಆದರೆ ಈ ವರ್ಷ ಪೂರ್ತಿ ಕ್ಲಬ್ಬಿಗೆ ಒಳಗಿನ ಭೇಟಿ ಇಲ್ಲ ಅಂದಳು. ಅದು ಅವರಿಗೆ ಸಣ್ಣ ಶಿಕ್ಷೆಯಲ್ಲ ಎಂದು ರೂಪಳ ಮುಖ ನೋಡಿದರೆ ತಿಳಿಯುತ್ತಿತ್ತು. ಡೀಟರ್ ಸರಿ ಎಂದು ತಲೆಯಾಡಿಸಿದರು. ಆಮೇಲೆ ನಿಂಬೆಹಣ್ಣು ಎತ್ತಿಕೊಂಡು, ಇದನ್ನು ಈಗ ಏನು ಮಾಡಬೇಕು ಎಂದು ಅಕ್ಕನನ್ನೇ ಕೇಳಿದರು.

"ಚಕ್ರದಡೀಗ್ ಓಗ್ಬೇಕು ಸಾ," ಅಂದಳು ಅಕ್ಕ, ತಗ್ಗಿದ ದನಿಯಲ್ಲಿ. "ಯಾವ್ ಚಕ್ರ ಆದ್ರೂ ಆಯ್ತದೆ. ತಕಂಡ್ ಬಂದ್ಮೇಲೆ ಅಂಗೇ ಬಿಡಾಕಿಲ್ಲ."

ಕಾರು ನಿಲ್ಲಿಸುವ ಜಾಗ

ಅರ್ಧ ಗಂಟೆಯಲ್ಲಿ ಇಡೀ ಕ್ಲಬ್ಬು ಪಾರ್ಕಿನ ಹೊರಗೆ ಡೀಟರ್ ಕಾರಿನ ಸುತ್ತ ಸೇರಿತ್ತು. ವರ್ಷ ಪೂರ್ತಿ ಭೇಟಿ ತಪ್ಪಿದ್ದನ್ನು ಅವರು ಎಲ್ಲರಿಗೂ ಹೇಳಿದರು. ಕೆಲವರ ಮುಖ ಬಾಡಿತು. ಒಬ್ಬಾತ ಏನೋ ಗೊಣಗಿದ, ಹೈಕೆ ಅವನಿಗೆ ಎರಡೇ ಮಾತು ಹೇಳಿದಳು, ಸುಮ್ಮನಾದ.

ಅಕ್ಕ ನಿಂಬೆಹಣ್ಣನ್ನು ಮುಂದಿನ ಬಲಚಕ್ರಕ್ಕೆ ತಾಗಿಸಿ ಇಟ್ಟು, ಕಣ್ಣು ಮುಚ್ಚಿ ಕೈಮುಗಿದಳು. ಕ್ಲಬ್ಬಿನವರು ಟೋಪಿ ತೆಗೆದು ನಿಂತರು. ಡೀಟರ್ ಕಾರು ಬಿಟ್ಟರು. ಹಣ್ಣು ಚಕ್ರಕ್ಕೆ ಸಿಕ್ಕದೆ ಪುಟಿದು ಪಕ್ಕಕ್ಕೆ ಉರುಳಿತು. ಮತ್ತೆ ಇಟ್ಟರು, ಮತ್ತೆ ಉರುಳಿತು. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ ಬೆವರಿಬಿಟ್ಟರು. ಕೊನೆಗೆ ಅಕ್ಕನೇ ಮುಂದೆ ನಿಂತು, "ಬಲಕ್ಕೆ, ಇನ್ನೂ ಬಲಕ್ಕೆ, ಆ, ರೈಟ್ ರೈಟ್" ಎಂದು ಕೈಯಾಡಿಸಿ ದಾರಿ ತೋರಿಸಿದಳು. ಡೀಟರ್‌ಗೆ ಕನ್ನಡ ಬರದಿದ್ದರೂ ಆ ಭಾಷೆ ಬಸ್ಸಿನದು, ತಿಳಿಯಿತು. ಹಣ್ಣು ಪಚಕ್ಕನೆ ಒಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಡೀಟರ್ ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಮೊದಲ ಬಂಡಿ

ಶನಿವಾರ ಗಾಳಿ ಇರಲಿಲ್ಲ. ಕ್ಲಬ್ಬಿನಲ್ಲಿ ಒಬ್ಬರಿಗೆ ಬರಲಾಗದೆ ಒಂದು ಸೀಟು ಉಳಿದಿತ್ತು. ರೂಪ ನನ್ನನ್ನು ಎಳೆದು ಕೂರಿಸಿದಳು. ಕನ್ನಡಕ, ಫೋನು, ಟೋಪಿ ಯಾವುದನ್ನೂ ಬಂಡಿಯಲ್ಲಿ ಒಯ್ಯುವಂತಿಲ್ಲ. ಅವನ್ನು ಇಡುವುದಕ್ಕೆ ಬೀಗದ ಪೆಟ್ಟಿಗೆಗಳಿದ್ದವು. ಆದರೆ ಮೊದಲು ಹೈಕೆ ತನ್ನ ಕನ್ನಡಕ ತೆಗೆದು ಅಕ್ಕನ ಕೈಗಿಟ್ಟಳು. ಆಮೇಲೆ ಡೀಟರ್, ಆಮೇಲೆ ಗೊಣಗಿದ್ದ ಆ ಮನುಷ್ಯ, ಆಮೇಲೆ ಎಲ್ಲರೂ. ಮದುವೆ ಛತ್ರದಲ್ಲಿ ಎಲ್ಲರ ಬ್ಯಾಗೂ ಕಾಯುವ ಅಜ್ಜಿಯ ಹಾಗೆ ಅಕ್ಕ ಬೆಂಚಿನ ಮೇಲೆ ಮಡಿಲು ತುಂಬಿಕೊಂಡು ಕೂತಳು.

ಬಂಡಿ ಏರು ಹತ್ತಿದ್ದು ನೆನಪಿದೆ. ಒಣಗಿದ ಕೊಂಬೆ ಕೈಗೆಟುಕುವಷ್ಟು ಹತ್ತಿರ ಬಂದದ್ದು ನೆನಪಿದೆ. ಅಲ್ಲಿಂದಾಚೆಗೆ ನನ್ನ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ. ಪಕ್ಕದಲ್ಲಿ ರೂಪ ಕೈ ಎರಡೂ ಮೇಲೆತ್ತಿ ನಗುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಕೇಳಿದ್ದ ನಗು ಅದು, ಫೋನಿನಲ್ಲಿ ಬರುತ್ತಿದ್ದದ್ದಲ್ಲ. ನಿಂತಾಗ ಡೀಟರ್ ಕಣ್ಣೊರೆಸಿಕೊಳ್ಳುತ್ತಿದ್ದರು. ಗಾಳಿಗೆ ಎಂದರು.

ಅವರೆಲ್ಲ ಕೂಡಲೇ ಎರಡನೇ ಸುತ್ತಿಗೆ ಸಾಲುಗಟ್ಟಿದರು. ನನ್ನಿಂದ ಆಗಲಿಲ್ಲ. ತೂರಾಡುತ್ತಾ ಬಂದು ಅಕ್ಕನ ಪಕ್ಕ ಕೂತೆ. ಅಷ್ಟರಲ್ಲಿ ಭಾವನ ಫೋನು ಬಂತು. ಅಕ್ಕನ ಕೈ ಎರಡೂ ತುಂಬಿದ್ದವು, ನಾನೇ ಅವಳ ಕಿವಿಗೆ ಹಿಡಿದೆ. ಅರಕಲಗೂಡಿನಿಂದ ಭಾವನ ದನಿ ನನಗೂ ಕೇಳುತ್ತಿತ್ತು. ನೋಡಿದೆಯಾ, ಜನ ಯಾರಾದರೂ ಇದ್ದಾರಾ, ಕರೆದುಕೊಂಡು ಬರುತ್ತೀಯಾ ಎಂದು ಒಂದೇ ಉಸಿರಿಗೆ ಕೇಳಿದರು.

ಮೇಲೆ ಬಂಡಿ ಏರು ಹತ್ತುತ್ತಿತ್ತು. ಅಕ್ಕ ಅದನ್ನೇ ನೋಡುತ್ತಾ ಹೇಳಿದಳು.

"ಜನ ಅವ್ರೆ ಕಣೇಳಿ. ಎಲ್ರ ಕನ್ನಡ್ಕನೂ ನನ್ ಮಡ್ಲಲ್ಲೇ ಐತೆ. ಅವ್ರ್ ಇಳ್ದ್ ಬರ್ಲಿ, ಕೊಟ್ಬುಟ್ಟು ಆಮೇಕ್ ಮಾತಾಡ್ತೀನಿ, ಈಗ್ ಫೋನ್ ಮಡಗಿ."